ಬಾಡಿಗೆಯ ಮನೆ, ಸ್ವಂತದ ಊರು

ಊರೊಂದು ಮನುಷ್ಯನಿಗೆ ತನ್ನದಾಗುವುದು ಯಾವಾಗ? ಅಲ್ಲಿ ಅವನ ಹೆಸರಿನಲ್ಲಿ ನಾಲ್ಕು ಗೋಡೆಗಳು ಎದ್ದಾಗಲೋ, ಅಲ್ಲಿ ಅವನು ಬಾಳಿದಾಗಲೋ? ಈ ಪ್ರಶ್ನೆಗಾಗಿ ದರ್ಶನಗ್ರಂಥಗಳನ್ನು ತಿರುವಿಹಾಕಬೇಕಾಗಿಲ್ಲ. ಹಿಂದೂಪುರದಲ್ಲಿ ಬಾಡಿಗೆಗೆ ಮನೆ ಹುಡುಕುತ್ತ ನಾಲ್ಕು ಬೀದಿ ಸುತ್ತಿದರೆ ಸಾಕು. ನಮ್ಮ ಹಿರಿಯರು ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರೇ ಹೊರತು ಬಾಡಿಗೆಗೆ ಹಿಡಿದು ನೋಡು ಎನ್ನಲಿಲ್ಲ. ಅದನ್ನೊಂದು ಪರೀಕ್ಷೆಯೆಂದು ಅವರು ಎಣಿಸಿರಲಿಲ್ಲವೆಂದು ತೋರುತ್ತದೆ.

ಹಿಂದೂಪುರ ಬಹಳ ದೊಡ್ಡ ಊರೇನಲ್ಲ, ಆದರೆ ಒತ್ತಾದ ಊರು. ಹುಣಿಸೆಹಣ್ಣು, ಬೆಲ್ಲ, ರೇಷ್ಮೆಗೂಡುಗಳ ವ್ಯಾಪಾರಕ್ಕೆ ಹೆಸರಾದದ್ದು. ತೂಮಕುಂಟದ ಕಾರ್ಖಾನೆಗಳು ಸಮೀಪದಲ್ಲಿವೆ. ಪೆನುಕೊಂಡೆಯ ಬಳಿಯ ಕಾರು ಕಾರ್ಖಾನೆ 2019ರಲ್ಲಿ ಉತ್ಪಾದನೆಗೆ ತೊಡಗಿತು. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕಗಳ ಮೇಲೆ ಹಾಯುವ ರೈಲು ಬೆಂಗಳೂರನ್ನು ಮುಟ್ಟಿಸುತ್ತದೆ. ಮಡಕಶಿರಾ, ರೊಳ್ಳ, ಅಗಳಿಗಳ ಕಡೆಯ ಕನ್ನಡ ಕುಟುಂಬಗಳು, ಪಾವಗಡದವರು, ಬೆಂಗಳೂರಿನ ಬಾಡಿಗೆಯನ್ನು ತೆರಲಾರದವರು, ಎಲ್ಲರೂ ಇಲ್ಲಿ ಬಂದು ಬಿಡಾರ ಹೂಡುತ್ತಾರೆ. ಒಂದು ಅಂಗಳ, ಅದರ ಸುತ್ತ ಐದಾರು ಬಾಗಿಲು, ಎಲ್ಲರಿಗೂ ಸೇರಿ ಒಂದು ನಲ್ಲಿ. ಇಂಥ ವಠಾರದಲ್ಲಿ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಯಲ್ಲಿ ಕೆಮ್ಮಾಗುತ್ತದೆ. ಮಳೆ ಕಡಮೆಯಾದ ಸೀಮೆಯಾದ್ದರಿಂದ ಮನೆ ನೋಡಲು ಬಂದವರು ಗಾಳಿಬೆಳಕಿಗಿಂತ ಮೊದಲು ನೀರನ್ನು ವಿಚಾರಿಸುತ್ತಾರೆ.

ರಾಯಲಸೀಮೆಯ ತೆಲುಗರು ಬಾಡಿಗೆಗೆ ‘ಬಾಡುಗ’ ಎನ್ನುವರು. ನಮ್ಮ ಮಾತಿಗೆ ಅದು ನೆರೆಮನೆಯ ಮಾತು. ಆದರೆ ಕನ್ನಡದಲ್ಲಿ ಇನ್ನೂ ತೂಕದ ಪದವೊಂದುಂಟು: ಒಕ್ಕಲು. ಹೊಸಮನೆ ಕಟ್ಟಿ ಹೊಗುವವನು ಮಾಡುವುದು ಮನೆಯೊಕ್ಕಲು. ಪರರ ಹೊಲವನ್ನು ಗೇಣಿಗೆ ಹಿಡಿದವನೂ ಒಕ್ಕಲೇ. ದೇವರಿಗೆ ನಡೆದುಕೊಳ್ಳುವ ಮನೆತನ ಆ ದೇವರ ಒಕ್ಕಲು. ಇದ್ದವನನ್ನು ಹೊರಹಾಕಿದರೆ ಅದು ಒಕ್ಕಲೆಬ್ಬಿಸುವುದು. ಪತ್ರ ಯಾರ ಹೆಸರಿನಲ್ಲಿದೆ ಎಂದು ಈ ಪದ ಕೇಳುವುದಿಲ್ಲ. ಒಲೆ ಯಾರದು ಉರಿಯುತ್ತಿದೆ ಎಂಬುದಷ್ಟೆ ಅದಕ್ಕೆ ಬೇಕು. ಒಡೆಯನನ್ನೂ ಬಾಡಿಗೆದಾರನನ್ನೂ ಒಂದೇ ಮಾತಿನಲ್ಲಿ ಹಿಡಿದ ಭಾಷೆ ಅಷ್ಟನ್ನು ಯೋಚಿಸದೆ ಮಾಡಿತೆಂದು ನಾವು ನಂಬಲಾರೆವು.

ಕರಾರುಪತ್ರದ ಭಾಷೆ ಮಾತ್ರ ಬೇರೆ. ಅದರ ಅವಧಿ ಹನ್ನೊಂದು ತಿಂಗಳು. ಹನ್ನೆರಡೇಕಲ್ಲ? ಒಂದು ವರ್ಷವನ್ನು ಮೀರುವ ಗುತ್ತಿಗೆಯನ್ನೂ ವರ್ಷದ ಲೆಕ್ಕದ ಗುತ್ತಿಗೆಯನ್ನೂ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ಖರ್ಚನ್ನೂ ತಿರುಗಾಟವನ್ನೂ ತಪ್ಪಿಸಲು ಲೋಕವೆಲ್ಲ ಹನ್ನೊಂದಕ್ಕೆ ಬಂದು ನಿಂತಿದೆ. ಹೀಗೆ ಹನ್ನೊಂದು ಹನ್ನೊಂದಾಗಿ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಕಳೆದ ಸಂಸಾರಗಳುಂಟು. ಮಕ್ಕಳು ಅಲ್ಲಿಯೇ ಹುಟ್ಟಿ, ಅಲ್ಲಿಂದಲೇ ಮದುವೆಯಾಗಿ ಹೋದರು. ಕಾಗದದ ಮೇಲೆ ಮಾತ್ರ ಅವರಾರೂ ಒಂದು ವರ್ಷ ಪೂರ್ತಿ ಅಲ್ಲಿ ಇರಲೇ ಇಲ್ಲ.

ಈ ಸುಳ್ಳು ಯಾರನ್ನೂ ವಂಚಿಸುವುದಿಲ್ಲವೆಂದು ಹೇಳಬಹುದು. ಆದರೆ ಅದು ಇಬ್ಬರ ಮನಸ್ಸನ್ನೂ ತಿದ್ದುತ್ತದೆ. ಹೇಗೂ ಹೋಗುವವನೆಂದು ಒಡೆಯನು ಸೋರುವ ಮಾಳಿಗೆಯನ್ನು ಮುಂದಿನ ವರ್ಷಕ್ಕೆ ನೂಕುತ್ತಾನೆ. ಹೇಗೂ ಹೋಗುವವನೆಂದು ಬಾಡಿಗೆದಾರನು ಮನೆಮುಂದಿನ ಚರಂಡಿಯತ್ತ ಕಣ್ಣೆತ್ತಿ ನೋಡುವುದಿಲ್ಲ. ಕಲ್ಯಾಣದುರ್ಗದಂಥ ಊರಿಗೆ ವರ್ಗವಾಗಿ ಬಂದ ನೌಕರರಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಬಂದ ದಿನದಿಂದಲೂ ಅವರ ಗಂಟುಮೂಟೆ ಅರ್ಧ ಕಟ್ಟಿಯೇ ಇರುತ್ತದೆ. ‘ನಮ್ಮ ಊರಲ್ಲಿ ಹೀಗಿಲ್ಲ’ ಎನ್ನುವುದರಲ್ಲಿಯೇ ಐದು ವರ್ಷ ಕಳೆದು, ತಾವು ಕುಡಿದ ನೀರು ಯಾವ ಕಡೆಯಿಂದ ಬಂತೆಂಬುದನ್ನೂ ಅರಿಯದೆ ಹೊರಟುಹೋಗುವರು. ಬಾಡಿಗೆ ತೆತ್ತುಬಿಟ್ಟರೆ ಋಣ ತೀರಿತೆಂಬುದು ಅವರ ಲೆಕ್ಕ. ಬಾಡಿಗೆ ಒಡೆಯನಿಗೆ ಸಂದಿತು, ಸರಿ; ಊರಿಗೆ ಸಂದದ್ದೇನು?

ಇಷ್ಟಾದರೂ ಕೆಲವರು ಗಿಡ ನೆಡುತ್ತಾರೆ. ಬಾಡಿಗೆಮನೆಯ ಹಿತ್ತಲಲ್ಲಿ ತುಳಸಿ, ಕರಿಬೇವು, ನುಗ್ಗೆ ನೆಡುವುದು ಸಾಮಾನ್ಯ. ತೆಂಗಿನ ಸಸಿ ನೆಟ್ಟವರೂ ಇದ್ದಾರೆ. ತೆಂಗು ಕಾಯಿ ಬಿಡಲು ಐದಾರು ವರ್ಷವಾದರೂ ಬೇಕು, ಕರಾರಿಗೆ ಉಳಿದಿರುವುದು ಎಂಟು ತಿಂಗಳು. ಇದು ಮೌಢ್ಯವೆ? ಕಾಯಿದೆಯ ವಿನೋದವನ್ನು ವಾಚಕರು ಗಮನಿಸಬೇಕು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ತಾನು ನೆಲಕ್ಕೆ ನಾಟಿದ್ದನ್ನೆಲ್ಲ ಮನೆ ಬಿಡುವ ಮುನ್ನ ಕಿತ್ತೊಯ್ಯಬಹುದು. ನೆಲವನ್ನು ಮೊದಲಿದ್ದಂತೆ ಒಪ್ಪಿಸಿದರಾಯಿತು. ಬೇರುಬಿಟ್ಟ ಮರವೂ ಈ ಮಾತಿನೊಳಗೇ ಬರುತ್ತದೆ. ಹಕ್ಕಿದೆ; ಆದರೆ ಬೆಳೆದ ತೆಂಗನ್ನು ಕಿತ್ತು ಲಾರಿಗೆ ಹೇರಿದ ಬಾಡಿಗೆದಾರನನ್ನು ನಾವು ಈವರೆಗೆ ಕಂಡಿಲ್ಲ. ಎಲ್ಲರೂ ಬಿಟ್ಟೇ ಹೋಗುತ್ತಾರೆ. ಮುಂದೆ ಬರುವವರು ಯಾವ ಜನವೋ, ಯಾವ ಭಾಷೆಯವರೋ ತಿಳಿಯದಿದ್ದರೂ ನೀರೆರೆದಿರುತ್ತಾರೆ. ಒಡೆತನದ ವಿಚಾರ ಇಲ್ಲಿ ತಲೆಕೆಳಗಾಗುತ್ತದೆ: ತನ್ನದಲ್ಲದ ನೆಲಕ್ಕೆ ಕೊಟ್ಟವನು ಇವನು, ತನ್ನದಾದ ನೆಲದಿಂದ ಪಡೆದವನು ಒಡೆಯ.

ಒಡೆಯನ ಪಕ್ಷವನ್ನು ಮರೆತರೆ ನ್ಯಾಯವಾಗದು. ಆಂಧ್ರಪ್ರದೇಶದಲ್ಲಿ 1960ರಲ್ಲಿ ಬಾಡಿಗೆ ನಿಯಂತ್ರಣದ ಕಾಯಿದೆಯಾಗಿ, ತಕ್ಕ ಕಾರಣ ತೋರಿಸದೆ ಬಾಡಿಗೆದಾರನನ್ನು ಎಬ್ಬಿಸುವಂತಿಲ್ಲವೆಂದಾಯಿತು. ಅಂಥ ರಕ್ಷಣೆ ದುರ್ಬಲನಿಗಾಗಿ ಹುಟ್ಟಿತೆಂಬುದು ನಿಜ. ಆದರೆ ಎರಡು ಕೋಣೆಯ ಬಾಡಿಗೆಯೇ ಜೀವನಾಧಾರವಾದ ವಿಧವೆ ಒಂದು ಕಡೆ, ಪೇಟೆಯಲ್ಲಿ ಅಂಗಡಿಯುಳ್ಳ ಬಾಡಿಗೆದಾರ ಇನ್ನೊಂದು ಕಡೆ ನಿಂತಾಗ ದುರ್ಬಲರು ಯಾರು? ಬಾಳಿದ್ದರಿಂದ ಹಕ್ಕು ಹುಟ್ಟುತ್ತದೆನ್ನುವ ನಾವು, ನೆರೆಯವರ ಅನ್ನವನ್ನು ಕಿತ್ತುಕೊಳ್ಳುವ ಬಾಳನ್ನು ಆ ಲೆಕ್ಕಕ್ಕೆ ಸೇರಿಸಲಾರೆವು.

ಇವೆಲ್ಲವೂ ಮನೆ ಸಿಕ್ಕಿದವರ ಮಾತು. ಸಿಕ್ಕದವರ ಪಾಡೇನು? ಟು-ಲೆಟ್ ಹಲಗೆ ತೂಗುತ್ತಿರುತ್ತದೆ. ‘ನೀವು ಯಾವ ಜನ?’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕೇಳಿದ ಮೇಲೆ, ನಿನ್ನೆಯೇ ಬೇರೆಯವರಿಗೆ ಮಾತು ಕೊಟ್ಟೆವಲ್ಲ ಎಂಬ ವಿಷಾದ. ಹಲಗೆ ಮಾತ್ರ ಮರುವಾರವೂ ಅಲ್ಲಿಯೇ ತೂಗುತ್ತದೆ. ಅಸ್ಪೃಶ್ಯತೆಯ ಕಾರಣದಿಂದ ಯಾವ ಬಡಾವಣೆಯಲ್ಲಿಯೂ ಯಾರ ವಾಸಕ್ಕೂ ಅಡ್ಡಿಮಾಡಬಾರದು, ಮಾಡಿದರೆ ಅಪರಾಧವೆಂದು 1955ರಿಂದಲೂ ಕಾಯಿದೆಯಲ್ಲಿದೆ. ವಿಷಾದದ ನಗೆಯನ್ನು ಕಾಯಿದೆ ಹೇಗೆ ಹಿಡಿದೀತು? ‘ನನ್ನ ಮನೆ, ನನ್ನ ಇಷ್ಟ’ ಎನ್ನುವವರು, ಬಾಗಿಲಿಗೆ ಹಲಗೆ ತೂಗಿಸಿದ ಗಳಿಗೆಯಿಂದ ಆ ಮನೆ ಕೇವಲ ತಮ್ಮದಾಗಿ ಉಳಿದಿಲ್ಲವೆಂಬುದನ್ನು ಮರೆಯುತ್ತಾರೆ. ಬೀದಿಯನ್ನು ಒಳಗೆ ಕರೆದವರು ಅವರೇ.

ಇನ್ನು ನಮ್ಮ ಕನ್ನಡದ ವಿಚಾರ. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಸೇರಿದವು. ಅನಂತಪುರ ಜಿಲ್ಲೆ ಆಂಧ್ರದಲ್ಲಿ ಉಳಿಯಿತು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ನಿಂತಿತು. ಬೆಂಗಳೂರಿನ ನೆಂಟರು ನಮ್ಮನ್ನು ‘ನೀವು ಅಲ್ಲಿ ಬಾಡಿಗೆಗಿರುವವರಲ್ಲವೆ’ ಎಂದು ಹಾಸ್ಯ ಮಾಡುವುದುಂಟು. ಆಗ ನಮ್ಮವರು ರೋಷದಿಂದ ಹೇಮಾವತಿಯ ಕಡೆ ಕೈತೋರಿಸುವರು: ಅದು ನೊಳಂಬರ ರಾಜಧಾನಿ ಹೆಂಜೇರು, ಅಲ್ಲಿ ಕನ್ನಡ ಶಾಸನಗಳಿವೆ, ನಾವೇ ಇಲ್ಲಿಯ ಒಡೆಯರು ಎಂದು. ಶಾಸನಗಳಿರುವುದು ದಿಟ. ಆದರೆ ಈ ಉತ್ತರ ನಮಗೆ ಒಪ್ಪಿಗೆಯಿಲ್ಲ. ಸಾವಿರ ವರ್ಷದ ಹಿಂದಿನ ಕ್ರಯಪತ್ರವನ್ನು ಪೆಟ್ಟಿಗೆಯಿಂದ ತೆಗೆದು ತೋರಿಸುವುದೆಂದರೆ, ಪತ್ರವುಳ್ಳವನದೇ ಊರು ಎಂಬ ವಾದವನ್ನು ಒಪ್ಪಿಕೊಂಡಂತೆಯೇ ಆಯಿತು. ತೆಲುಗು ನೆರೆಯವರು ತಮ್ಮ ಪತ್ರವನ್ನು ಹೊರತೆಗೆದರೆ ಮುಂದಿನ ಮಾತೇನು? ನಾವು ಇಲ್ಲಿದ್ದೇವೆ, ಇಲ್ಲಿಯ ಬರಗಾಲವನ್ನು ಅವರ ಜೊತೆಯಲ್ಲಿಯೇ ಉಂಡಿದ್ದೇವೆ. ಇದಕ್ಕಿಂತ ದೊಡ್ಡ ಹಕ್ಕನ್ನು ನಾವು ಕಾಣೆವು.

ವಿಚಿತ್ರವೆಂದರೆ, ಮತದಾನದ ಕಾಯಿದೆಯೂ ಈ ಪಕ್ಷಕ್ಕೇ ನಿಲ್ಲುತ್ತದೆ. ಒಂದು ಊರಿನಲ್ಲಿ ಮನೆಯಿದೆ ಎಂಬಷ್ಟರಿಂದಲೇ ಯಾರನ್ನೂ ಅಲ್ಲಿಯ ನಿವಾಸಿಯೆಂದು ಭಾವಿಸತಕ್ಕದ್ದಲ್ಲ ಎಂಬುದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಮಾತು. ಹಿಂದೂಪುರದ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿ ನೆಲೆಸಿದ ಒಡೆಯನಿಗೆ ಇಲ್ಲಿ ಮತವಿಲ್ಲ. ಅವನ ಹಿಂದಿನ ಕೋಣೆಯ ಬಾಡಿಗೆದಾರನಿಗುಂಟು. ತೊಡಕು ಬರುವುದು ವಿಳಾಸದ ಆಧಾರವನ್ನು ಕೊಡುವಲ್ಲಿ. ವಿದ್ಯುತ್ತಿನ ಬಿಲ್ಲು ಒಡೆಯನ ಹೆಸರಿನಲ್ಲಿ, ನಲ್ಲಿಯ ರಸೀತಿಯೂ ಹಾಗೆಯೇ. ಅರ್ಜಿಯ ಪಟ್ಟಿಯಲ್ಲಿರುವುದು ನೋಂದಾಯಿತ ಗುತ್ತಿಗೆಪತ್ರ, ಕೈಯಲ್ಲಿರುವುದು ಹನ್ನೊಂದು ತಿಂಗಳ ಕಾಗದ. ಆಧಾರವೊಂದೂ ಇಲ್ಲದಿದ್ದಾಗ ನೌಕರನು ಸ್ಥಳಕ್ಕೆ ಬಂದು ನೋಡಬೇಕೆಂದು ನಿಯಮವಿದೆ. ಅವನು ವಠಾರಕ್ಕೆ ಬರುತ್ತಾನೆ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಪಕ್ಕದ ಬಾಗಿಲಿನ ತೆಲುಗು ಮುದುಕಿಯನ್ನು, ಈ ಕನ್ನಡದವರು ಇಲ್ಲಿಯೇ ಇರುವರೆ ಎಂದು ಕೇಳುತ್ತಾನೆ. ಆಕೆ ಕೊಡವನ್ನು ಕೆಳಗಿಡದೆಯೇ ‘ಈಡೇ ಉಂಡಾರು’ ಎನ್ನುತ್ತಾಳೆ. ಅವನು ಬರೆದುಕೊಳ್ಳುತ್ತಾನೆ.