ಉಳುವವರು ಯಾರು, ಒಡೆಯರು ಯಾರು?

ದುಡಿಮೆಯಿಂದಲೇ ಭೂಮಿಯ ಹಕ್ಕು ಹುಟ್ಟುತ್ತದೆ ಎಂದು ಯಾರಾದರೂ ವೇದಿಕೆ ಹತ್ತಿ, ಇನ್ನು ಚರ್ಚೆಗೆ ಏನೂ ಉಳಿದಿಲ್ಲ ಎಂಬ ಧಾಟಿಯಲ್ಲಿ ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ಆ ಮಾತಿನ ಫಲ ಉಂಡು ಬೆಳೆದವನು ನಾನು. ಅದಕ್ಕೇ ಸಿಟ್ಟು ಹೆಚ್ಚು. ನಮ್ಮಜ್ಜ ಸಾಗರದ ಕಡೆಯ ಗೇಣಿದಾರ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿದಾಗ ಅವರು ಫಾರಂ ನಂಬರ್ 7 ತುಂಬಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಉಳುತ್ತಿದ್ದ ಗದ್ದೆಯನ್ನು ತಮ್ಮದಾಗಿಸಿಕೊಂಡರು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಇಂಥ ನ್ಯಾಯಕ್ಕಾಗಿಯೇ. ನ್ಯಾಯ ಹೌದು, ಪೂರ್ತಿ ನ್ಯಾಯ ಅಲ್ಲ.

ಭೂಮಿಯೆಲ್ಲ ದೇವರದು, ರಾಜನದು ಎನ್ನುವ ಹಳೆಯ ಮಾತುಗಳಿಂದ ನನಗೇನೂ ದಕ್ಕಿಲ್ಲ. ಒಡೆತನವೇ ಕಳ್ಳತನ ಎಂದ ಪ್ರೂಧೋನ್ ಕೂಗಿ ಸುಮ್ಮನಾಗುತ್ತಾನೆ. ನಾನು ಗುದ್ದಾಡಬೇಕಾದ್ದು ಜಾನ್ ಲಾಕ್ ಜೊತೆ. 1689ರಲ್ಲಿ ಹೊರಬಂದ ಅವನ ಗ್ರಂಥದ ವಾದ ಇದು: ನನ್ನ ದೇಹ ನನ್ನದು, ಅದರ ದುಡಿಮೆಯೂ ನನ್ನದು, ಯಾರದೂ ಅಲ್ಲದ ನೆಲಕ್ಕೆ ಆ ದುಡಿಮೆ ಬೆರೆತರೆ ನೆಲವೂ ನನ್ನದು. ಆದರೆ ಅದೇ ಅಧ್ಯಾಯದಲ್ಲಿ, ತನ್ನ ಆಳು ಕಡಿದ ಹುಲ್ಲುಹೆಂಟೆಯೂ ತನ್ನದೇ ಎಂದು ಸಲೀಸಾಗಿ ಬರೆದುಬಿಡುತ್ತಾನೆ. ಆಳಿನ ಬೆವರು ಎಲ್ಲಿ ಹೋಯಿತು? ಕೂಲಿ ಕೊಟ್ಟಾಯಿತಲ್ಲ ಅನ್ನಬಹುದು. ಹಾಗಾದರೆ ಹಕ್ಕು ಹುಟ್ಟಿದ್ದು ದುಡಿಮೆಯಿಂದಲ್ಲ, ದುಡಿಸಿಕೊಳ್ಳುವ ತಾಕತ್ತಿನಿಂದ.

ಇಂಗ್ಲೆಂಡಿನ ಆ ಆಳು ನಮ್ಮ ಕಾಯ್ದೆಯೊಳಗೂ ಇದ್ದಾನೆ. ಸ್ವಂತ ಸಾಗುವಳಿ ಎಂದರೆ ತಾನು, ತನ್ನ ಮನೆಯವರು ದುಡಿಯುವುದು ಮಾತ್ರವಲ್ಲ. ಖುದ್ದು ಮೇಲ್ವಿಚಾರಣೆಯಲ್ಲಿ ಕೂಲಿಯವರಿಂದ ಮಾಡಿಸುವುದೂ ಸ್ವಂತ ಸಾಗುವಳಿಯೇ ಎನ್ನುತ್ತದೆ ಅದು. ನಮ್ಮ ಗದ್ದೆಯಲ್ಲಿ ಉಳುಮೆ ಅಜ್ಜನದು. ನೆಟ್ಟಿಗೆ ಬರುತ್ತಿದ್ದವರು ಹೆಂಗಸರು. ಆಷಾಢದ ಮಳೆಗೆ ಕಂಬಳಿಕೊಪ್ಪೆ ಹೊದ್ದು, ಕೆಸರಿನಲ್ಲಿ ಬಗ್ಗಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ನೆಡುತ್ತ ನೆಡುತ್ತ ಹಿಂದಕ್ಕೆ ಸರಿಯುತ್ತಿದ್ದರು. ಕಳೆ, ಕೊಯ್ಲು ಕೂಡ ಅವರದೇ. ಫಾರಂ ನಂಬರ್ 7ರಲ್ಲಿ ಅವರಿಗೆ ಜಾಗ ಇರಲಿಲ್ಲ.

ಹಾಗಿದ್ದರೆ ಕಾಗದವನ್ನೇ ನಂಬೋಣವೇ? ವಕೀಲ ಮಿತ್ರರು ಹಾಗೆನ್ನುತ್ತಾರೆ. ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಸುಳ್ಳೆಂದು ಸಾಬೀತಾಗುವವರೆಗೆ ಅದನ್ನು ನಿಜವೆಂದು ಇಟ್ಟುಕೊಳ್ಳಬೇಕು, ಅಷ್ಟೆ. ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು. ಮಾರಿದವನಿಗೆ ಮಾರುವ ಹಕ್ಕಿತ್ತು ಎಂಬುದಕ್ಕೆ ಅವರು ಹೊಣೆಯಲ್ಲ. ಮಾಲೀಕ ಸುಮ್ಮನಿದ್ದು, ಬೇರೊಬ್ಬ ಅವನಿಗೆದುರಾಗಿ 12 ವರ್ಷ ಬಹಿರಂಗವಾಗಿ ಸ್ವಾಧೀನದಲ್ಲಿದ್ದರೆ ಮಾಲೀಕನ ಹಕ್ಕೇ ಅಳಿಯುತ್ತದೆ. ಕಾಗದದ ಕೆಳಗೂ ನೆಲ ಇಷ್ಟು ಸಡಿಲ.

ಆದರೂ ಒಂದು ಮಾತು ಒಪ್ಪಬೇಕು. ಅಜ್ಜನ ಬಳಿ ಗೇಣಿ ಕೊಟ್ಟ ರಸೀದಿ ಇರಲಿಲ್ಲ, ಅಕ್ಕಪಕ್ಕದ ಗದ್ದೆಯವರ ಸಾಕ್ಷಿ ಇತ್ತು. ಅಜ್ಜನ ಬೆವರಿಗೆ ಊರು ಹೌದೆಂದು, ಮಂಡಳಿ ಅದನ್ನು ಆದೇಶವಾಗಿಸಿದ ಮೇಲೆಯೇ ಅದು ಹಕ್ಕಾಯಿತು. ಲಾಕ್ ತಳ್ಳಿಹಾಕಿದ್ದು ಇದನ್ನೇ: ಒಬ್ಬಂಟಿಗೆ ದುಡಿಮೆ ಇರಬಹುದು, ಒಡೆತನ ಇರಲಾರದು. ಉಳಿದವರು ಒಪ್ಪಿದರೇ ಅದು ನಿಲ್ಲುವುದು.

ಇಲ್ಲಿಗೆ ಉತ್ತರ ಸಿಕ್ಕಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಅಜ್ಜನ ಮಗಳು, ನನ್ನ ಅತ್ತೆ, ಆ ಗದ್ದೆಯಲ್ಲಿ ಪಾಲು ಕೇಳಿದರು. ಊರಿಗೆ ಊರೇ ಅವರ ವಿರುದ್ಧ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ ಎಂದು ಹಿರಿಯರು ಬುದ್ಧಿ ಹೇಳಿದರು. ಕುಟುಂಬದ ಆಸ್ತಿಯಲ್ಲಿ 1994ರಲ್ಲಿ ಕರ್ನಾಟಕ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗಷ್ಟೇ ಕೊಟ್ಟಿದ್ದ ಹಕ್ಕು, 2005ರ ಕೇಂದ್ರ ತಿದ್ದುಪಡಿಯಿಂದ ಅತ್ತೆಯಂಥವರಿಗೂ ಬಂದಿತ್ತು. ಅವರ ಪರ ಮದುವೆಯ ನಂತರದ ಬೆವರಿಲ್ಲ, ಊರಿನ ಒಪ್ಪಿಗೆಯಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ಆದರೂ ಅವರ ಹಕ್ಕು ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಅತ್ತೆಯ ಪರ ವಾದಿಸುವಾಗ ನಾನು ಹುಟ್ಟನ್ನು ಹಿಡಿಯುತ್ತೇನೆ. ನೆಟ್ಟಿಯವರ ಪರ ವಾದಿಸುವಾಗ ಹುಟ್ಟನ್ನು ಬಿಟ್ಟು ದುಡಿಮೆಯನ್ನು. ಈ ಪಾಲಿನ ಮಾತು ಬಂದಾಗಲೆಲ್ಲ ನೆಟ್ಟಿಯವರ ಹೆಸರನ್ನು ಮನೆಯಲ್ಲಿ ನಾನೊಬ್ಬನೇ ಎತ್ತುತ್ತೇನೆ. ಯಾವ ಹಕ್ಕಿನ ಮೇಲೆ ಅವರಿಗೆ ಕೊಡಬೇಕು ಎಂದು ಅತ್ತೆಯೇ ಕೇಳುತ್ತಾರೆ. ಅತ್ತೆಯ ಪಾಲನ್ನೂ ಉಳಿಸಿ ಅವರಿಗೂ ಪಾಲು ತೋರಿಸುವ ತತ್ವವೊಂದನ್ನು ನಾನಿನ್ನೂ ಹುಡುಕುತ್ತಲೇ ಇದ್ದೇನೆ.