ಕಣ್ಣಳತೆಯ ಓಟ

ಮಳೆ ನಿಂತ ಮುಂಜಾನೆ ರಸ್ತೆಯಲ್ಲಿ ಓಡುವವರ ಕಾಲಡಿ ಸಾಯುವ ಹುಳುಹುಪ್ಪಟೆಗಳನ್ನು ಯಾರ ಖಾತೆಗೆ ಬರೆಯಬೇಕು? ಬ್ಯಾಂಕಿನಲ್ಲಿ ಕೆಲಸ ಮಾಡಿದವಳಾದ್ದರಿಂದ ಪ್ರಶ್ನೆ ನನಗೆ ಹೀಗೇ ಹೊಳೆಯುತ್ತದೆ. ಕೇಳಿದವರು ನಗುತ್ತಾರೆ. ಆದರೆ ಎರಡೂವರೆ ಸಾವಿರ ವರ್ಷಗಳ ಹಿಂದೆ ಇದನ್ನು ಯಾರೂ ನಗೆಯ ಮಾತಾಗಿ ತೆಗೆದುಕೊಂಡಿರಲಿಲ್ಲ. ಜೈನ ಮುನಿಗಳು ಮಳೆಗಾಲದಲ್ಲಿ ಊರೂರು ನಡೆಯುವುದನ್ನು ಬಿಟ್ಟು ಒಂದೆಡೆ ಚಾತುರ್ಮಾಸ್ಯಕ್ಕೆ ಕೂರುವುದು ಈ ಕಾರಣಕ್ಕೇ. ಬೌದ್ಧರ ವರ್ಷಾವಾಸದ ಹಿನ್ನೆಲೆಯನ್ನು ವಿನಯಪಿಟಕ ವಿವರಿಸುತ್ತದೆ: ಭಿಕ್ಷುಗಳು ಮಳೆಯಲ್ಲೂ ತಿರುಗುತ್ತ ಎಳೆ ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತಿದ್ದಾರೆ, ಹಕ್ಕಿಗಳು ಕೂಡ ಈ ಕಾಲದಲ್ಲಿ ಗೂಡಿನಲ್ಲಿರುತ್ತವಲ್ಲ ಎಂದು ಜನ ಆಡಿಕೊಂಡರು, ಬುದ್ಧ ಆ ಮಾತಿಗೆ ಬೆಲೆ ಕೊಟ್ಟ.

ಓಡುವ ಚಟ ನನಗೆ ಹತ್ತಿದ್ದು ಮಂಗಳೂರಿನಲ್ಲಿ. ದೊಡ್ಡಬಳ್ಳಾಪುರದ ನೇಕಾರರ ಮನೆಯವಳು, ವರ್ಗವಾಗಿ ಅಲ್ಲಿಗೆ ಹೋದೆ. ಸಮತಟ್ಟಾದ ದಾರಿ ಹುಡುಕಿದರೂ ಸಿಗದ ಊರು ಅದು. ಬಿಜೈಯಿಂದ ಕದ್ರಿಗೆ ಏರು, ಅಲ್ಲಿಂದ ಮಲ್ಲಿಕಟ್ಟೆಯ ಕಡೆ ಇಳಿಜಾರು, ಬಾವುಟಗುಡ್ಡೆಗೆ ಮತ್ತೆ ಏರು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಕಡೆ ಮಳೆ ನಿಲ್ಲಲೆಂದು ಕಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಟಿನ ಲೇಸು ಕಟ್ಟುವಂತೆಯೇ ಇಲ್ಲ. ಹಾಗಾಗಿ ನೆನೆಯುತ್ತಲೇ ಓಡಿದೆ. ಮುರಕಲ್ಲಿನ ಪಾಗಾರದಿಂದ ಬಸವನಹುಳುಗಳು ರಸ್ತೆಗೆ ಇಳಿದಿರುತ್ತಿದ್ದವು; ಸಾವಿರ ಕಾಲಿನ ಹುಳಗಳು, ಉಗುರಿನಷ್ಟು ದೊಡ್ಡ ಕಪ್ಪೆಮರಿಗಳು. ಪಾಚಿಯ ಮೇಲೆ ಜಾರಿ ಬೀಳುವ ಭಯಕ್ಕೆ ನೆಲ ನೋಡಿಕೊಂಡೇ ಓಡುತ್ತಿದ್ದೆ. ನನ್ನ ಮೂಳೆ ಉಳಿಸಿಕೊಳ್ಳಲು ಬಗ್ಗಿಸಿದ ಕಣ್ಣಿಗೆ ಇವೆಲ್ಲ ಬಿದ್ದವು. ಕರುಣೆಗಿಂತ ಮೊದಲು ಬಂದದ್ದು ಅಂಜಿಕೆ.

ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪರ ದೊರೆ ಕುಂದವರ್ಮ ಅದನ್ನು ಪ್ರತಿಷ್ಠಾಪಿಸಿದ್ದು ಕ್ರಿ.ಶ. 968ರಲ್ಲಿ, ಅದರ ಶಾಸನವು ಆ ಜಾಗವನ್ನು ವಿಹಾರವೆಂದೇ ಕರೆಯುತ್ತದೆ. ಬೌದ್ಧರ ಒಂದು ಕಥೆಯನ್ನು ನಾನು ಓದಿಕೊಂಡದ್ದು ಆ ವಿಗ್ರಹದ ನೆಪದಿಂದ. ಚಕ್ಖುಪಾಲನೆಂಬ ಕುರುಡ ಸ್ಥವಿರ, ಅಂದರೆ ಹಿರಿಯ ಭಿಕ್ಷು, ಬುದ್ಧನಿದ್ದ ಜೇತವನಕ್ಕೆ ಬಂದಿದ್ದ. ರಾತ್ರಿ ಮಳೆಯಾಗಿ ನಿಂತ ಮೇಲೆ ತನ್ನ ಅಭ್ಯಾಸದಂತೆ ಅತ್ತಿಂದಿತ್ತ ನಡೆದ. ಬೆಳಗ್ಗೆ ನೋಡಿದರೆ ನಡೆದ ಜಾಗದ ತುಂಬ ಸತ್ತ ಹುಳುಗಳು. ಬೇರೆ ಭಿಕ್ಷುಗಳು ದೂರು ತಂದರು. ಅವನು ಕೊಲ್ಲುವುದನ್ನು ನೀವು ಕಂಡಿರಾ ಎಂದು ಬುದ್ಧ ಕೇಳಿದ. ಇಲ್ಲವೆಂದರು. ಅವನು ಕೊಲ್ಲುವುದು ನಿಮಗೆ ಕಾಣದಂತೆ ಅವನಿಗೆ ಹುಳುಗಳು ಕಾಣಲಿಲ್ಲ. ಕೊಲ್ಲುವ ಮನಸ್ಸಿಲ್ಲದವನಿಗೆ ದೋಷವಿಲ್ಲ ಎಂಬುದು ತೀರ್ಪು. ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆಯೆಂಬ ವ್ಯಾಖ್ಯಾನ ಜೋಡಿಸುವ ಪ್ರಸಂಗ ಇದು.

ಓಡುವವರಿಗೆ ಇದಕ್ಕಿಂತ ಅನುಕೂಲದ ತೀರ್ಪು ಬೇಕೆ? ನನಗೂ ಕೊಲ್ಲುವ ಮನಸ್ಸಿಲ್ಲ. ಆದರೆ ಸ್ಥವಿರನಿಗೂ ನನಗೂ ಒಂದು ಅಂತರವಿದೆ. ಅವನಿಗೆ ಕಣ್ಣಿರಲಿಲ್ಲ. ನನಗೆ ಕಣ್ಣಿದೆ, ಮಳೆ ಬಿದ್ದ ಮಾರನೆಯ ದಿನ ದಾರಿಯಲ್ಲಿ ಏನಿರುತ್ತದೆಂಬ ತಿಳಿವಳಿಕೆಯೂ ಇದೆ. ಗೊತ್ತಿದ್ದೂ ಕಾಣಲಿಲ್ಲ ಎನ್ನುವವಳಿಗೆ ಆ ತೀರ್ಪು ಅನ್ವಯಿಸುವುದಿಲ್ಲ.

ಜೈನರು ಎಳೆ ಹಿಡಿಯುವುದು ಇಲ್ಲಿಂದಲೇ. ಅವರ ಮಾತು ದೊಡ್ಡಬಳ್ಳಾಪುರವಿರುವ ನಮ್ಮ ಜಿಲ್ಲೆಗೆ ಹೊರಗಿನದಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಕಾಲದ ಮಾನ್ಯಪುರ. ಎಂಟನೆಯ ಶತಮಾನದ ಕೊನೆಯಲ್ಲಿ ಸೇನಾನಿ ಶ್ರೀವಿಜಯ ಅಲ್ಲಿ ಜಿನಾಲಯ ಕಟ್ಟಿಸಿದ್ದ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣ ಹೋಗುವುದರ ಜೊತೆಗೆ ಎಚ್ಚರಗೇಡಿತನವನ್ನೂ ಸೇರಿಸುತ್ತದೆ. ಕುಂದಕುಂದರ ಪ್ರವಚನಸಾರ ಇನ್ನೊಂದು ಹೆಜ್ಜೆ ಮುಂದೆ: ಜೀವ ಸಾಯಲಿ ಬದುಕಲಿ, ಎಚ್ಚರ ತಪ್ಪಿ ನಡೆದವನಿಗೆ ಹಿಂಸೆಯ ದೋಷ ಖಂಡಿತ, ಎಚ್ಚರದಿಂದ ನಡೆದವನಿಗೆ ಬರೀ ಸಾವಿನಿಂದ ಕರ್ಮಬಂಧವಿಲ್ಲ. ಈ ಎಚ್ಚರಕ್ಕೆ ಅವರು ಅಳತೆಯನ್ನೂ ಕೊಟ್ಟಿದ್ದಾರೆ. ನಡಿಗೆಯ ನಿಯಮವಾದ ಈರ್ಯಾಸಮಿತಿಯ ಪ್ರಕಾರ ಮುನಿಯಾದವನು ಹಗಲು ಬೆಳಕಿನಲ್ಲಿ, ಜನ ಓಡಾಡಿ ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡು ಹೆಜ್ಜೆ ಇಡಬೇಕು.

ನಾಲ್ಕು ಮೊಳ ಎಂದರೆ ಸುಮಾರು ಆರು ಅಡಿ. ಕಿಲೋಮೀಟರಿಗೆ ಆರು ನಿಮಿಷದ ನನ್ನ ಓಟದಲ್ಲಿ ಅಷ್ಟು ದೂರ ಮುಕ್ಕಾಲು ಸೆಕೆಂಡೂ ಹಿಡಿಯುವುದಿಲ್ಲ. ಕಣ್ಣು ಹುಳುವನ್ನು ಗುರುತಿಸುವ ಹೊತ್ತಿಗೆ ಗಾಳಿಯಲ್ಲಿರುವ ಪಾದ ತಾನು ಬೀಳುವ ಜಾಗವನ್ನು ನಿಶ್ಚಯಿಸಿಯಾಗಿರುತ್ತದೆ. ಅಂದರೆ ಒಂದು ವೇಗ ದಾಟಿದ ಮೇಲೆ ಕಣ್ಣಿದ್ದೂ ಇಲ್ಲದಂತೆ. ಆ ಕುರುಡು ಹುಟ್ಟಿನಿಂದ ಬಂದದ್ದಲ್ಲ, ನಾನೇ ತಂದುಕೊಂಡದ್ದು.

ಈಗ ಊರಿಗೆ ಮರಳಿದ್ದೇನೆ. ಇಲ್ಲಿಯ ಮಳೆ ಮಂಗಳೂರಿನ ಕಾಲು ಭಾಗವೂ ಇರಲಾರದು. ಅದಕ್ಕೇ ಇರಬೇಕು, ಬೇಸಗೆ ಮುಗಿಯುವ ಹೊತ್ತಿನ ಮೊದಲ ದೊಡ್ಡ ಮಳೆಗೆ ನೆಲದೊಳಗಿನದೆಲ್ಲ ಒಟ್ಟಿಗೆ ಮೇಲೆ ಬರುತ್ತದೆ: ರೆಕ್ಕೆ ಬಂದ ಗೆದ್ದಲು, ಮಖಮಲ್ಲಿನ ಕೆಂಪು ಹುಳ, ಎರೆಹುಳು. ಎರೆಹುಳು ಉಸಿರಾಡುವುದು ಚರ್ಮದಿಂದ. ಟಾರು ತೇವವಾಗಿರುವಷ್ಟು ಹೊತ್ತಿನಲ್ಲೇ ಅದು ರಸ್ತೆ ದಾಟಬೇಕು. ನನಗೆ ಓಟಕ್ಕೆ ಹಿತವಾಗುವ ತಂಪು ಹೊತ್ತೂ ಅದೇ.

ನಾನು ಓಡುವುದು ಮಾಕಳಿದುರ್ಗದ ಬೆಟ್ಟ ಕಾಣುವ ಘಾಟಿಯ ದಾರಿಯಲ್ಲಿ. ಘಾಟಿ ಸುಬ್ರಹ್ಮಣ್ಯದಲ್ಲಿ ಮೂರನೆಯ ನ್ಯಾಯವೊಂದು ನಡೆಯುತ್ತದೆ. ಸರ್ಪದೋಷವೆಂದು ಅಲ್ಲಿಗೆ ಬಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರಲ್ಲಿ ಹೆಚ್ಚಿನವರು ಹಾವಿನ ಮೇಲೆ ಕೈ ಎತ್ತಿದವರೇ ಅಲ್ಲ. ತಿಳಿಯದೆ ಆದದ್ದೂ, ಹಿರಿಯರಿಂದ ಆದದ್ದೂ, ಹಿಂದಿನ ಜನ್ಮದ್ದೂ ಲೆಕ್ಕಕ್ಕೆ ಬರುತ್ತದೆ. ಮನಸ್ಸು ಹೇಗಿತ್ತೆಂದು ಯಾರೂ ವಿಚಾರಿಸುವುದಿಲ್ಲ; ಜೀವ ಹೋಗಿದ್ದರೆ ಋಣ ಉಳಿದಿದೆ, ತೀರಿಸು ಅಷ್ಟೆ. ಇದನ್ನು ಬರೀ ಭಯವೆಂದು ತಳ್ಳಿಹಾಕುವುದು ಸುಲಭ. ನನಗೆ ಅದರಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ನನ್ನ ಮನಸ್ಸು ಶುದ್ಧವಾಗಿತ್ತೆಂಬ ಸಮಾಧಾನದಿಂದ ಸತ್ತ ಹಾವಿಗೆ ಏನೂ ಸಿಗುವುದಿಲ್ಲವೆಂಬುದು ಆ ಕಲ್ಲುಗಳಿಗೆ ಗೊತ್ತಿದೆ. ಆದರೆ ಆ ನ್ಯಾಯ ಹಾವಿಗೆ ಮಾತ್ರ. ಕಚ್ಚಲಾರದ ಎರೆಹುಳುವಿಗೆ ಯಾರೂ ಕಲ್ಲು ನಿಲ್ಲಿಸಿಲ್ಲ. ನಮ್ಮಮ್ಮ ಕೂಡ “ಮಳೆ ಬಿದ್ದೈತೆ, ನೋಡ್ಕಂಡು ಕಾಲಿಡು ಕಣೇ” ಎಂದು ಎಚ್ಚರಿಸುವುದು ಹಾವು ಇದ್ದೀತೆಂದೇ.

ಓಟದ ಜೊತೆಗಾರರು ವಾದಿಸುತ್ತಾರೆ: ರೈತ ಉಳುವಾಗ ಎಷ್ಟು ಹುಳ ಸಾಯುವುದಿಲ್ಲ, ವಿಮಾನ ನಿಲ್ದಾಣಕ್ಕೆ ಧಾವಿಸುವ ಕಾರುಗಳ ಚಕ್ರಕ್ಕೆ ಎಷ್ಟು ಸಿಗುವುದಿಲ್ಲ? ಅದಕ್ಕೂ ಜೈನ ಗೃಹಸ್ಥಧರ್ಮ ಒಂದು ವಿಂಗಡಣೆ ಮಾಡಿದೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಸಂಸಾರಿಯೂ ಬಿಡಬೇಕು. ಒಲೆ, ಬೀಸುಕಲ್ಲು, ಕಸಪೊರಕೆಯ ಆರಂಭಿ ಹಿಂಸೆ, ಹೊಟ್ಟೆಪಾಡಿನ ಉದ್ಯೋಗಿ ಹಿಂಸೆ, ಆತ್ಮರಕ್ಷಣೆಯ ವಿರೋಧಿ ಹಿಂಸೆ ಇವನ್ನು ಅವನು ಪೂರ್ತಿ ಬಿಡಲಾರ, ಕಡಿಮೆ ಮಾಡಿಕೊಳ್ಳಬೇಕು. ನೇಗಿಲಿಗೆ ಇಲ್ಲಿ ಜಾಗವುಂಟು. ನನ್ನ ಓಟಕ್ಕೆ? ಅದು ಅಡುಗೆಯಲ್ಲ, ಕಸುಬಲ್ಲ, ಯಾರೂ ಬೆನ್ನಟ್ಟಿ ಬಂದಿಲ್ಲ. ಅದು ನನ್ನ ಖುಷಿ. ಖುಷಿಗೆ ರಿಯಾಯಿತಿಯ ಕಾಲಂ ಇಲ್ಲ. ಹಾಗಾಗಿ ರೈತನಿಗಿಂತ ನಾನೇ ಹೆಚ್ಚು ಎಚ್ಚರದಿಂದಿರಬೇಕು.

ಇಷ್ಟಕ್ಕೆ ನಿಲ್ಲಿಸಿದ್ದರೆ ಪ್ರಶ್ನೆ ಬಗೆಹರಿದಂತಿತ್ತು. ಆದರೆ ನನ್ನ ಅಪ್ಪ ನೇಯ್ದದ್ದು ರೇಷ್ಮೆ. ನಮ್ಮೂರ ಪವರ್‌ಲೂಮುಗಳಲ್ಲಿ ಈಗ ಕೃತಕ ನೂಲೂ ಬಹಳ ಓಡುತ್ತದೆ, ಆಗಿನ ಮಾತು ಬೇರೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಗೂಡಿನ ಮಾರುಕಟ್ಟೆ. ಗೂಡು ಕಟ್ಟಿದ ಹುಳು ಚಿಟ್ಟೆಯಾಗಿ ಹೊರಬಂದರೆ ಎಳೆ ತುಂಡಾಗುತ್ತದೆಂದು ಮೊದಲೇ ಬಿಸಿಗೆ ಒಡ್ಡಿ ಕೊಲ್ಲುತ್ತಾರೆ. ಆಮೇಲೆ ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡು. ನಮ್ಮ ಮನೆಯ ಮಗ್ಗದವರೆಗೆ ಬರುವಾಗ ಅದು ಬರೀ ಹೊಳೆಯುವ ನೂಲು. ಹುಳದ ವಾಸನೆಯೂ ಅದರಲ್ಲಿರುತ್ತಿರಲಿಲ್ಲ. ಅಪ್ಪನ ಕಸುಬು ಉದ್ಯೋಗಿ ಹಿಂಸೆಯ ಪಟ್ಟಿಯಲ್ಲಿ ಕೂರುತ್ತದೆ. ಮದುವೆಗೆ ಉಡುವ ನನ್ನ ಸೀರೆ ಕೂರುವುದಿಲ್ಲ.

ಆದ್ದರಿಂದ ಕಾಣದಿರುವುದರಲ್ಲಿ ಮೂರು ಬಗೆ ಎಂದು ನನಗೆ ತೋರುತ್ತದೆ. ಸ್ಥವಿರನದು ಕಣ್ಣಿನ ಅಳವಿಗೆ ಮೀರಿದ್ದು, ಅದು ಕ್ಷಮ್ಯ. ಓಟದ್ದು ವೇಗದಿಂದ ಬಂದದ್ದು. ರೇಷ್ಮೆಯದು ದೂರದಿಂದ ಬಂದದ್ದು: ಕೊಲ್ಲುವ ಕೆಲಸ ಒಂದು ಊರಿನಲ್ಲಿ, ನೇಯುವುದು ಇನ್ನೊಂದರಲ್ಲಿ, ಉಡುವುದು ಮತ್ತೊಂದರಲ್ಲಿ. ಘಾಟಿಯ ಮೂರ್ತಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ಬೆನ್ನಿಗಿರುವ ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಹಿಂದಿನ ಮುಖ ಭಕ್ತರಿಗೆ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಕಣ್ಣಿಗೆ ನೇರವಾಗಿ ಸಿಗದ್ದನ್ನು ಕಾಣುವ ಏರ್ಪಾಡು ಮಾಡಿಕೊಳ್ಳುವುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ಓಟದ ಮಟ್ಟಿಗೆ ನನ್ನ ಏರ್ಪಾಡು ಇಷ್ಟು. ಮಳೆ ಬಿದ್ದ ಮಾರನೆಯ ದಿನ ಕತ್ತಲಲ್ಲಿ ಹೊರಡುವುದಿಲ್ಲ. ಬೆಳಕು ಹರಿದ ಮೇಲೆ ನಡೆಯುತ್ತೇನೆ, ಟಾರು ಒಣಗಿದ ಮೇಲೆ ಓಡುತ್ತೇನೆ. ಸಮಯ ಹಾಳಾಗುತ್ತದೆ, ಬಿಸಿಲು ಏರುತ್ತದೆ, ಜೊತೆಗಾರರು ಮುಂದೆ ಹೋಗಿರುತ್ತಾರೆ. ಇದರಿಂದ ಪಾಪ ಕಳೆಯಿತೆಂಬ ಭ್ರಮೆಯಿಲ್ಲ. ನನ್ನ ವೇಗಕ್ಕೆ ನನ್ನ ಕಣ್ಣು ಹೊಣೆಯಾಗಿರಲಿ ಎಂದಷ್ಟೇ. ವೇಗವನ್ನು ತಗ್ಗಿಸಬಹುದು, ಅದು ನನ್ನ ಕಾಲಿನ ಮಾತು. ದೂರವನ್ನು ತಗ್ಗಿಸುವುದು ಹೇಗೆ? ವಿಜಯಪುರದ ಗೂಡಿಗೂ ನನ್ನ ಬೀರುವಿಗೂ ನಡುವೆ ನಾಲ್ಕು ಮೊಳದ ನಿಯಮ ಯಾವುದೆಂಬುದನ್ನು ಧರ್ಮಶಾಸ್ತ್ರಗಳು ಬರೆದಿಟ್ಟು ಹೋಗಿಲ್ಲ, ಉಡುವವರೇ ಬರೆದುಕೊಳ್ಳಬೇಕು. ಅದು ಓಟದ ನಿಯಮಕ್ಕಿಂತ ಕಷ್ಟದ್ದು. ಈ ವರ್ಷ ಮನೆಯಲ್ಲಿ ಒಂದು ಮದುವೆ ಬೇರೆ ಇದೆ.