ಕೊಟ್ಟ ನೀರಿನ ಹೊಣೆ

ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಚಹಾ ಕೊಡುತ್ತೇವೆ. ರಾಯಚರ್ಲು ಇರುವ ಪಾವಗಡ, ಮಧುಗಿರಿ, ಸಿರಾ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಇದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಚಹಾ ಗಿಡವೂ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುವಂಥದ್ದೇ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಳುರುಳಿದಂತೆ ಮೂಳೆಯೂ ಬಾಗುತ್ತದೆ.

ಗೊತ್ತಿಲ್ಲದೆ ಕೊಟ್ಟವರದು ತಪ್ಪಲ್ಲ ಎನ್ನುತ್ತೇವೆ. ಗೊತ್ತುಮಾಡಿಕೊಳ್ಳುವ ದಾರಿಯಿದ್ದೂ ಸುಮ್ಮನಿದ್ದರೆ? ತಕ್ಕಡಿ ಸರಿಯಿದೆಯೇ ಎಂದು ನೋಡದ ವ್ಯಾಪಾರಿಯನ್ನು ನಾವು ಕ್ಷಮಿಸುವುದಿಲ್ಲ. ನೀರಿನ ಪರೀಕ್ಷೆಯ ವರದಿ ಕಡತದಲ್ಲೇ ಉಳಿದರೆ ಅದೂ ಕಳ್ಳತೂಕವೇ. ಫಲಿತಾಂಶವನ್ನು ಬಾವಿಯ ಬಳಿ ಬರೆಯಲು ಒಂದು ಡಬ್ಬಿ ಬಣ್ಣ ಸಾಕು. ಆದರೆ ‘ಕುಡಿಯಬೇಡಿ’ ಎಂದು ಬರೆದ ಮರುದಿನವೇ ಕುಡಿಯುವ ನೀರೆಲ್ಲಿ ಎಂದು ಜನ ಕೇಳುತ್ತಾರೆ. ಬರೆಯದಿರುವುದಕ್ಕೆ ಬಹುಶಃ ಅದೇ ಕಾರಣ.